ಹ್ಯಾಮರ್ ನಿಂತ ಊಟದ ಹೊತ್ತು

ಬೋಲ್ಟು, ಬೇರಿಂಗು, ಪಂಪು ಇಂಥವುಗಳ ಫೋಟೋ ತೆಗೆದು ಕ್ಯಾಟಲಾಗಿಗೆ ಕೊಡುವವಳು ನಾನು. ನನ್ನ ಚಿತ್ರಗಳು ಅಂಗೈಗಿಂತ ದೊಡ್ಡದಾಗಿ ಅಚ್ಚಾಗಿದ್ದು ಕಡಿಮೆ. ಅಂಥವಳಿಗೆ ಒಂದು ವರ್ಷ ದಸರಾ ಮುಗಿದ ವಾರವೇ ಲಾರಿಯಷ್ಟು ಉದ್ದದ ಗೋಡೆಯೊಂದು ಸಿಕ್ಕಿತು.

ಪೀಣ್ಯದ ಒಂದು ಫೋರ್ಜಿಂಗ್ ಕಂಪನಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸ ಆಫೀಸು ಕಟ್ಟಿಸಿತ್ತು. ಉಕ್ಕನ್ನು ಕೆಂಪಗೆ ಕಾಯಿಸಿ, ದೊಡ್ಡ ಹ್ಯಾಮರಿನಲ್ಲಿ ಬಡಿದು, ಲಾರಿಗಳ ಬಿಡಿಭಾಗ ಮಾಡುವ ಕಾರ್ಖಾನೆ ಪೀಣ್ಯದಲ್ಲೇ ಉಳಿಯುತ್ತಿತ್ತು. ಇಸ್ತ್ರಿ ಅಂಗಿಯವರು ಮಾತ್ರ ಆ ಕಡೆ ಹೊರಟಿದ್ದರು. ಹೊಸ ಆಫೀಸಿನ ರಿಸೆಪ್ಷನ್ ಗೋಡೆಗೆ ರಾತ್ರಿಯ ಪೀಣ್ಯದ ಒಂದೇ ಉದ್ದನೆಯ ಚಿತ್ರ ಹಾಕಬೇಕೆಂಬುದು ಅಲ್ಲಿನ ಜನರಲ್ ಮ್ಯಾನೇಜರ್ ಆಸೆ. ಕಂಪನಿಯ ಕ್ಯಾಟಲಾಗು ಮಾಡಿಕೊಟ್ಟಿದ್ದು ನಾನಾದ್ದರಿಂದ ನನ್ನನ್ನೇ ಕರೆದರು.

ಒಳಾಂಗಣದ ಕೆಲಸ ವಹಿಸಿಕೊಂಡಿದ್ದ ಡಿಸೈನರ್ ಹುಡುಗಿಗೆ ಇದು ಒಪ್ಪಿಗೆಯಿರಲಿಲ್ಲ. ಅವಳು ಆಗಲೇ ಅಂತರ್ಜಾಲದಿಂದ ಕೊಳ್ಳಬಹುದಾದ ಒಂದು ಚಿತ್ರ ಆರಿಸಿಟ್ಟಿದ್ದಳು. ಯಾವುದೋ ದೇಶದ ಯಾವುದೋ ನದಿ, ಅದರ ಮೇಲೊಂದು ಸೇತುವೆ, ಹಿಂದೆ ಗಾಜಿನ ಗೋಪುರಗಳು. ಚಿತ್ರ ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಕೊನೆಗೆ ಮ್ಯಾನೇಜರ್ ತೀರ್ಪು ಕೊಟ್ಟರು. ದೀಪಾವಳಿಯೊಳಗೆ ನಾನು ಟೆಸ್ಟ್ ಪ್ರಿಂಟ್ ತೋರಿಸಬೇಕು. ಸೋಫಾದಲ್ಲಿ ಕೂತವರು ಎದ್ದು ಗೋಡೆಯ ಹತ್ತಿರ ನಿಂತು ನೋಡಿದರೂ ಅದು ಸ್ಪಷ್ಟವಾಗಿರಬೇಕು. ಇಲ್ಲವಾದರೆ ಸೇತುವೆ.

ನನಗೆ ಉರಿದುಹೋಯಿತು. ನಾನು ಹುಟ್ಟಿ ಬೆಳೆದಿದ್ದು ಪೀಣ್ಯಕ್ಕೆ ಅಂಟಿಕೊಂಡ ರಾಜಗೋಪಾಲನಗರದಲ್ಲಿ. ಈಗಲೂ ಅಮ್ಮನ ಜೊತೆ ಅದೇ ಮನೆಯಲ್ಲಿದ್ದೇನೆ. ಕೆಳಗೆ ಸ್ಟುಡಿಯೋ, ಮೇಲೆ ಮನೆ. ಇಲ್ಲಿ ಬಡಿದ ಕಬ್ಬಿಣದ ದುಡ್ಡಿನಲ್ಲಿ ಕಟ್ಟಿದ ಗೋಡೆಯ ಮೇಲೆ ಹೆಸರು ಗೊತ್ತಿಲ್ಲದ ಸೇತುವೆ ನೇತುಬೀಳುವುದನ್ನು ನಾನು ಹೇಗೆ ಸಹಿಸಲಿ? ಆಗಲಿ ಸಾರ್, ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಕಾರ್ಖಾನೆಯ ಎದುರಿಗೆ ಒಂದು ಕೆರೆ, ಕೆರೆಯ ಈಚೆಗೆ ಐದಂತಸ್ತಿನ ಒಂದು ಗಾರ್ಮೆಂಟ್ಸ್ ಕಟ್ಟಡ. ಅದರ ತಾರಸಿಯಿಂದ ಕೆರೆಯ ನೀರು, ಆಚೆ ಫೋರ್ಜಿಂಗ್ ಕಾರ್ಖಾನೆಯ ಅಂಗಳ, ಕುಲುಮೆಯ ಕೆಂಪು, ಶೆಡ್ಡುಗಳ ಸಾಲು, ಅದರ ಹಿಂದೆ ನಮ್ಮ ರಾಜಗೋಪಾಲನಗರದ ಕಿಟಕಿಗಳು, ಎಲ್ಲಾ ಒಂದರ ಹಿಂದೊಂದು ಕಾಣುತ್ತಿದ್ದವು. ಅಗಲವಾದ ಲೆನ್ಸಿನಲ್ಲಿ ಒಂದೇ ಚಿತ್ರ ತೆಗೆದರೆ ಗೋಡೆಯಷ್ಟು ದೊಡ್ಡದು ಮಾಡಿದಾಗ ಒಡೆದುಹೋಗುತ್ತದೆ. ಆದ್ದರಿಂದ ದೂರದ್ದನ್ನು ಹತ್ತಿರ ಎಳೆಯುವ ಉದ್ದನೆಯ ಟೆಲಿ ಲೆನ್ಸ್ ಹಾಕಿ, ಎಡದಿಂದ ಬಲಕ್ಕೆ ನಾಲ್ಕು ಭಾಗ ಮಾಡಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೊಲಿಯುವುದೆಂದು ತೀರ್ಮಾನಿಸಿದೆ.

ಮೊದಲ ಸಂಜೆ ಪುಸ್ತಕದಲ್ಲಿ ಇರುವಂತೆಯೇ ಮಾಡಿದೆ. ಬೆಳಕನ್ನು ಕ್ಯಾಮೆರಾ ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕೆಂಬ ಐಎಸ್ಒ ಕಡಿಮೆ, ಲೆನ್ಸಿನ ಕಿಂಡಿ ಚಿಕ್ಕದು, ಶಟರ್ ಮೂವತ್ತು ಸೆಕೆಂಡು ತೆರೆದು ಒಂದೊಂದೇ ಲಾಂಗ್ ಎಕ್ಸ್‌ಪೋಶರ್. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದರೆ, ಕಪ್ಪಗಿರಬೇಕಾದ ಶೆಡ್ಡಿನ ಗೋಡೆಯ ಮೇಲೆಲ್ಲ ಕೆಂಪು, ನೀಲಿ, ಹಸಿರು ಚುಕ್ಕೆ. ಒಗ್ಗರಣೆ ಸಿಡಿದ ಅಡುಗೆಮನೆಯ ಗೋಡೆಯ ಹಾಗಿತ್ತು. ಇದಕ್ಕೇ ನಾವು ನಾಯ್ಸ್ ಎನ್ನುವುದು. ಇಲ್ಲದ ಬೆಳಕನ್ನು ಕ್ಯಾಮೆರಾ ತಾನೇ ಕಲ್ಪಿಸಿಕೊಂಡು ಬರೆದಿಡುವ ಚುಕ್ಕೆಗಳು.

ಅದರ ಕಾರಣ ಬೇಗ ಸಿಕ್ಕಿತು. ಮಧ್ಯಾಹ್ನವಿಡೀ ಕ್ಯಾಮೆರಾ ಸ್ಕೂಟರಿನ ಡಿಕ್ಕಿಯಲ್ಲಿ ಬೆಂದಿತ್ತು. ಸೆನ್ಸರ್ ಬಿಸಿಯಾದಷ್ಟೂ ಈ ಚುಕ್ಕೆಗಳು ಹೆಚ್ಚು. ಮುಂದಿನ ಸಲ ಕ್ಯಾಮೆರಾವನ್ನು ಬಟ್ಟೆಚೀಲದಲ್ಲಿ ಹೆಗಲಿಗೆ ಹಾಕಿಕೊಂಡು ಹೋಗಿ, ತಾರಸಿಯ ನೀರಿನ ಟ್ಯಾಂಕಿನ ನೆರಳಲ್ಲಿ ತಣ್ಣಗಾಗಲು ಬಿಟ್ಟೆ. ಚಿತ್ರ ತೆಗೆದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಅಷ್ಟೇ ಹೊತ್ತಿನ ಕತ್ತಲೆಯ ಚಿತ್ರಗಳನ್ನೂ ತೆಗೆದುಕೊಂಡೆ. ಕತ್ತಲೆಯಲ್ಲಿಯೂ ಎಲ್ಲಿ ಚುಕ್ಕೆ ಕಾಣುತ್ತದೋ ಅದು ಕ್ಯಾಮೆರಾದ ಕಿತಾಪತಿ. ಅದನ್ನು ಅಸಲಿ ಚಿತ್ರದಿಂದ ಕಳೆದುಬಿಡಬಹುದು. ಕಿಂಡಿ ತೀರಾ ಚಿಕ್ಕದಾದರೂ ಅಂಚು ಮೆತ್ತಗಾಗುತ್ತದೆಂದು ನಡುವಿನ ಅಳತೆಯಾದ ಎಫ್ ಎಂಟಕ್ಕೆ ತಂದೆ. ಲೆನ್ಸಿನ ಮೇಲೆ ಬಹುದೂರಕ್ಕೆಂದು ಬರೆದ ಅನಂತದ ಗುರುತನ್ನು ನಂಬದೆ, ದೂರದ ಮೊಬೈಲ್ ಟವರಿನ ಕೆಂಪು ದೀಪವನ್ನು ಪರದೆಯಲ್ಲಿ ಹಿಗ್ಗಿಸಿ ಫೋಕಸ್ ಮಾಡಿ, ರಿಂಗಿಗೆ ಟೇಪು ಸುತ್ತಿದೆ. ಕೈನಡುಕ ತಡೆಯುವ ಸ್ಟೆಬಿಲೈಸರನ್ನು ಆಫ್ ಮಾಡಿದೆ. ಕ್ಯಾಮೆರಾ ಮೂರು ಕಾಲಿನ ಸ್ಟ್ಯಾಂಡಿನ ಮೇಲಿರುವಾಗ ಅದು ಇಲ್ಲದ ನಡುಕವನ್ನು ಹುಡುಕಲು ಹೋಗಿ ತಾನೇ ನಡುಗುತ್ತದೆ.

ಈ ಸಲ ಚುಕ್ಕೆಗಳು ಹೋದವು. ಹಿಗ್ಗಿಕೊಂಡು ಗೇಣುದ್ದದ ಒಂದು ತುಂಡನ್ನು ಅಚ್ಚು ಹಾಕಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಹಿಗ್ಗಿದ್ದೆಲ್ಲ ಇಳಿದುಹೋಯಿತು. ಪ್ರತಿಯೊಂದು ದೀಪವೂ ಎರಡೆರಡು. ಒಂದರ ಮೇಲೊಂದು ಅಂಟಿಸಿದ ಎರಡು ಬೊಟ್ಟಿನ ಹಾಗೆ, ಎಡದಿಂದ ಬಲದವರೆಗೆ ಎಲ್ಲವೂ ಹಾಗೇ.

ಗಾಳಿಯಿರಬೇಕೆಂದು ಸ್ಟ್ಯಾಂಡಿನ ಕಾಲುಗಳನ್ನು ಮೋಟು ಮಾಡಿ, ನಡುವೆ ಸಿಮೆಂಟ್ ಬ್ಲಾಕು ನೇತುಹಾಕಿದೆ. ಬಟನ್ ಒತ್ತುವ ಕೈ ಇರಬೇಕೆಂದು ರಿಮೋಟಿಗೆ ಹೋದೆ. ಏನೂ ಆಗಲಿಲ್ಲ. ಕೊನೆಗೆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕಚ್ಚಿಸುವ ಪ್ಲೇಟು ಬಿಚ್ಚಿ ನೋಡಿದರೆ ಅದರ ಸಂದಿಯಲ್ಲಿ ಒಣಗಿದ ಅರಿಶಿನ, ಕುಂಕುಮ! ಆಯುಧಪೂಜೆಯ ದಿನ ಅಮ್ಮ ನನ್ನ ಸರಂಜಾಮಿಗೆಲ್ಲ ಶ್ರದ್ಧೆಯಿಂದ ಹಚ್ಚಿದ್ದಳು. ಪ್ಲೇಟು ಕೂರುವ ಜಾಗದಲ್ಲಿ ಗಟ್ಟಿ ಪದರವಾಗಿ ಅದು ನಿಂತುಬಿಟ್ಟಿತ್ತು. ಸಿಕ್ಕಿಬಿದ್ದೆ ಕಳ್ಳ ಎಂದುಕೊಂಡು ಸ್ಪಿರಿಟ್ ಹಾಕಿ ಉಜ್ಜಿದೆ. ಬೈಯಲು ಹೋದರೆ ಅಮ್ಮ, ದೇವರ ಕುಂಕುಮ ಅಲ್ಲಾಡಿಸಲ್ಲ, ನಿನ್ನ ಕೈಯೇ ಸರಿಯಿಲ್ಲ ಎಂದು ನನಗೇ ತಿರುಗಿಸಿದಳು. ಅಮ್ಮನ ಮಾತು ಅರ್ಧ ನಿಜವಾಯಿತು. ಅಂದಿನ ಚಿತ್ರದಲ್ಲೂ ದೀಪಗಳು ಎರಡೆರಡೇ ಇದ್ದವು. ಅದೇ ರಾತ್ರಿ ಡಿಸೈನರ್ ಹುಡುಗಿ, ಸೇತುವೆಯನ್ನು ಆ ಗೋಡೆಯ ಮೇಲೆ ಕೂರಿಸಿ ಕಂಪ್ಯೂಟರಿನಲ್ಲಿ ಮಾಡಿದ ಒಂದು ಮಾದರಿಯನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಿದಳು.

ಮಾರನೆಯ ಬೆಳಿಗ್ಗೆ ಕಾಫಿಗೆಂದು ಅಡುಗೆಮನೆಗೆ ಹೋದವಳು ಹಾಗೇ ನಿಂತೆ. ಏನೋ ಕಮ್ಮಿ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ.

“ಯಾಕೇ ಹಂಗ್ ನಿಂತ್ಬಿಟ್ಟೆ?” ಎಂದಳು ಅಮ್ಮ.

“ಮನೆ ಯಾಕೋ ತುಂಬಾ ಸುಮ್ನಿದೆ ಅನ್ಸಲ್ವೇನಮ್ಮಾ?”

“ಲೋಟ ಸದ್ದು ಮಾಡ್ತಿಲ್ಲ, ಅಷ್ಟೇ ಕಣೇ. ಇವತ್ತು ಫ್ಯಾಕ್ಟ್ರಿಗೆ ರಜಾ.”

ನಮ್ಮ ಪಾತ್ರೆ ಸ್ಟ್ಯಾಂಡಿನಲ್ಲಿ ಸ್ಟೀಲು ಲೋಟಗಳು ಒಂದಕ್ಕೊಂದು ತಾಗಿ ದಿನವಿಡೀ ಸಣ್ಣಗೆ ಕಿಣಿಗುಟ್ಟುತ್ತವೆ. ಫೋರ್ಜಿಂಗ್ ಕಾರ್ಖಾನೆಯ ಹ್ಯಾಮರ್ ಬಿದ್ದಾಗಲೆಲ್ಲ ನೆಲ ಅದುರುತ್ತದೆ. ಬೇರೆ ಊರಿಂದ ಬಂದ ನೆಂಟರು, ಇದೇನು ಭೂಕಂಪವೇ ಎಂದು ಮಂಚದಿಂದ ಎದ್ದು ಕೂರುತ್ತಾರೆ. ನಾವು ಅವರನ್ನು ನೋಡಿ ನಗುತ್ತೇವೆ. ಹುಟ್ಟಿದಾಗಿನಿಂದ ಆ ಅದುರಿನ ಮೇಲೇ ನಡೆದು, ಅದರ ಮೇಲೇ ಮಲಗಿ, ನೆಲವೆಂದರೆ ಹೀಗೇ ಇರುತ್ತದೆ ಎಂದುಕೊಂಡವಳು ನಾನು. ಹೊರಗಿನ ಯಾವ ಫೋಟೋಗ್ರಾಫರ್ ಬಂದಿದ್ದರೂ ತಾರಸಿಗೆ ಕಾಲಿಟ್ಟ ಕೂಡಲೇ ಹೇಳುತ್ತಿದ್ದ. ನನ್ನ ಅಂಗಾಲಿಗೆ ಮಾತ್ರ ಅದು ಗೊತ್ತಾಗಲಿಲ್ಲ. ಆ ಉದ್ದನೆಯ ಲೆನ್ಸಿಗೆ ಗೊತ್ತಾಗಿತ್ತು. ಮೇಲೆ ಕೆಳಗೆ ಎರಡು ಬೊಟ್ಟು ಇಟ್ಟು ಅದು ನನಗೆ ದಿನಾ ಹೇಳುತ್ತಲೇ ಇತ್ತು.

ಕಾಫಿ ಆರಿಹೋಯಿತು. ಸಂಜೆಯಾಗುವುದನ್ನೇ ಕಾದು ತಾರಸಿಗೆ ಓಡಿದೆ. ಹ್ಯಾಮರ್ ಇಲ್ಲ, ಅಕ್ಕಪಕ್ಕದ ವರ್ಕ್‌ಶಾಪುಗಳಲ್ಲಿ ತಗಡು ಒತ್ತುವ ಪ್ರೆಸ್ಸುಗಳೂ ಇಲ್ಲ. ನಾಲ್ಕು ಲಾಂಗ್ ಎಕ್ಸ್‌ಪೋಶರ್, ನಾಲ್ಕೂ ಬ್ಲೇಡಿನ ಅಂಚಿನಷ್ಟು ಚೂಪು. ಶೆಡ್ಡಿನ ತಗಡಿನ ಒಂದೊಂದು ಮಡಿಕೆಯನ್ನೂ ಎಣಿಸಬಹುದಿತ್ತು. ಆ ರಾತ್ರಿ ಖುಷಿಯಿಂದ ಅಮ್ಮನಿಗೆ ಹೋಟೆಲಿನ ಮಸಾಲೆದೋಸೆ ತಂದುಕೊಟ್ಟೆ.

ಮ್ಯಾನೇಜರ್ ಚಿತ್ರವನ್ನು ಕೈಯಲ್ಲಿ ಹಿಡಿದು ಎಡದಿಂದ ಬಲಕ್ಕೆ ನೋಡಿದರು. ಆಮೇಲೆ, “ಮೇಡಂ, ಶಾರ್ಪ್ ಆಗೇನೋ ಇದೆ. ಆದ್ರೆ ಲಾಕೌಟ್ ಆಗಿರೋ ಕಂಪನಿ ಥರ ಕಾಣುತ್ತೆ,” ಎಂದರು.

ಪೀಣ್ಯದಲ್ಲಿ ಆ ಪದವನ್ನು ಯಾರೂ ಸುಮ್ಮನೆ ಬಾಯಿಗೆ ತರುವುದಿಲ್ಲ. ಮತ್ತೆ ನೋಡಿದೆ. ಅವರು ಹೇಳಿದ್ದು ಸರಿ. ಕುಲುಮೆಯ ಕೆಂಪಿಲ್ಲ, ಅಂಗಳದ ದೀಪವಿಲ್ಲ, ಒಂದು ಬಾಗಿಲೂ ತೆರೆದಿಲ್ಲ. ತಗಡಿನ ಮಡಿಕೆ ಎಣಿಸುವ ಭರದಲ್ಲಿ ನಾನು ಸತ್ತ ಕಾರ್ಖಾನೆಯನ್ನು ತೆಗೆದುಕೊಂಡು ಬಂದಿದ್ದೆ.

ಆಗ ಹ್ಯಾಮರಿನ ವಿಷಯ ಬಿಡಿಸಿ ಹೇಳಿದೆ. ನಿಮ್ಮ ಕಾರ್ಖಾನೆಯೇ ನಿಮ್ಮ ಚಿತ್ರವನ್ನು ಅಲ್ಲಾಡಿಸುತ್ತಿದೆ ಸಾರ್ ಎಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವರು ನಕ್ಕರು. ನಾನೂ ನಕ್ಕೆ, ಆದರೆ ಈ ಸಲ ನೆಲವೇ ಡೊಂಕಾಗಿತ್ತು ಎನ್ನುವುದಕ್ಕೆ ನನ್ನ ಚೀಲದಲ್ಲಿ ಹ್ಯಾಮರ್ ನಡೆದ ದಿನದ್ದು, ರಜೆಯ ದಿನದ್ದು ಎರಡೂ ಪ್ರಿಂಟ್ ಇದ್ದವು. ಮುಂದಿಟ್ಟೆ. ಅವರ ನಗು ನಿಂತಿತು. ದೀಪ ಉರಿಯುವಾಗ ಸ್ವಲ್ಪ ಹೊತ್ತು ಹ್ಯಾಮರ್ ನಿಲ್ಲಿಸಬಹುದೇ ಎಂದು ಕೇಳಿದೆ. ಕುಲುಮೆಯಲ್ಲಿ ಕಾದ ಉಕ್ಕು ಕಾಯುವುದಿಲ್ಲ, ಚಿತ್ರಕ್ಕೋಸ್ಕರ ಹ್ಯಾಮರ್ ನಿಲ್ಲಿಸಿದರೆ ಮೇಲಿನವರು ನನ್ನನ್ನು ನಿಲ್ಲಿಸುತ್ತಾರೆ ಎಂದರು. ಬೇಕಾದರೆ ಒಳಗೆ ಹೋಗಿ ಕೆಲಸ ಹೇಗೆ ನಡೆಯುತ್ತದೆ ನೋಡಿಕೊಂಡು ಬನ್ನಿ ಎಂದು ಪಾಸು ಬರೆಸಿಕೊಟ್ಟರು.

ಸೆಕೆಂಡ್ ಶಿಫ್ಟಿನ ಹೊತ್ತಿಗೆ ಒಳಗೆ ಹೋದೆ. ಕಿವಿ ಕಿತ್ತುಹೋಗುವ ಸದ್ದು. ಅಷ್ಟರಲ್ಲಿ ಸೈರನ್ ಕೂಗಿತು. ಹ್ಯಾಮರ್ ನಿಂತಿತು. ಬರ್ನರ್ ತಗ್ಗಿದ ಕುಲುಮೆ ಕೆಂಪಗೆ ಹಾಗೇ ಇತ್ತು, ದೀಪಗಳೆಲ್ಲ ಹಾಗೇ ಉರಿಯುತ್ತಿದ್ದವು. ಜನ ಕೈ ತೊಳೆದು ಅಂಗಳದ ಕಟ್ಟೆಯ ಮೇಲೆ ಸಾಲಾಗಿ ಕೂತು ಡಬ್ಬಿ ಬಿಚ್ಚತೊಡಗಿದರು. ರಾತ್ರಿ ಊಟದ ಬಿಡುವು! ಈ ಸೈರನ್ ಕೇಳಿಯೇ ಅಮ್ಮ ನಮಗೆ ತಟ್ಟೆ ಹಾಕುತ್ತಿದ್ದಳು. ಆ ಹೊತ್ತಿಗೆ ಹ್ಯಾಮರ್ ನಿಲ್ಲುತ್ತದೆ ಎನ್ನುವುದು ಮಾತ್ರ ಅಲ್ಲಿಯವರೆಗೂ ನನಗೆ ಹೊಳೆದಿರಲಿಲ್ಲ.

ಹ್ಯಾಮರ್ ನಡೆಸುವವರು ಗದಗದ ಕಡೆಯವರು. ಐವತ್ತರ ಹತ್ತಿರದ ಗಟ್ಟಿ ಆಳು. ಹೆಂಡತಿ ಮಕ್ಕಳು ಊರಲ್ಲಿ, ಇವರೊಬ್ಬರೇ ರಾಜಗೋಪಾಲನಗರದ ಬಾಡಿಗೆ ಕೋಣೆಯಲ್ಲಿ. ಹಳದಿ ಹೆಲ್ಮೆಟ್ಟನ್ನು ಬೋರಲು ಹಾಕದೆ ಬಟ್ಟಲಿನ ಹಾಗೆ ಪಕ್ಕದಲ್ಲಿಟ್ಟು, ಅದರೊಳಗೆ ಕೈಗವಸು ಹಾಕಿ ಕೂತರು. ಆಗಲೇ ಅವರಿಗೆ ಊರಿಂದ ಫೋನು ಬಂತು. “ಹೂಂ, ಉಂಡೆ, ಉಂಡೆ,” ಎಂದು ಹೇಳಿ ಇಟ್ಟರು. ಡಬ್ಬಿಯ ಮುಚ್ಚಳ ಇನ್ನೂ ತೆಗೆದಿರಲಿಲ್ಲ. ನಾನು ನೋಡಿದ್ದು ಕಂಡು ನಾಚಿಕೊಂಡು, ಹಾಗೆ ಹೇಳದಿದ್ದರೆ ಹೆಂಡತಿ ಫೋನು ಇಡುವುದಿಲ್ಲ, ಹೇಳಿದರೂ ನಂಬುವುದಿಲ್ಲ ಎಂದರು. ಮುಂದಿನ ದಿನಗಳಲ್ಲಿ ಊಟದ ಹೊತ್ತಿಗೆ ಎದುರಿನ ತಾರಸಿಯಿಂದ ಚಿತ್ರ ತೆಗೆಯುತ್ತೇನೆ, ನೀವೂ ಅದರಲ್ಲಿ ಬರಬಹುದು ಎಂದೆ. ತೆಗೀರಿ ತೆಗೀರಿ ಎಂದು ಸಾಲಿನವರೆಲ್ಲ ನಕ್ಕರು.

ಬಿಡುವು ಸಿಕ್ಕಿತು ಎಂದಮಾತ್ರಕ್ಕೆ ಕೆಲಸ ಆಗಲಿಲ್ಲ. ಹ್ಯಾಮರ್ ನಿಂತರೂ ಪಕ್ಕದ ಸಣ್ಣ ಪ್ರೆಸ್ಸುಗಳ ಊಟದ ಹೊತ್ತು ಬೇರೆ. ಆಗೊಮ್ಮೆ ಈಗೊಮ್ಮೆ ಅವು ಕುಟ್ಟುತ್ತಲೇ ಇದ್ದವು. ಮೂವತ್ತು ಸೆಕೆಂಡು ಶಟರ್ ತೆರೆದಿಟ್ಟರೆ ಒಂದಾದರೂ ಪೆಟ್ಟು ಒಳಗೆ ಬಂದೇ ಬರುತ್ತಿತ್ತು. ಒಂದು ಹನಿ ಹುಳಿ ಬಿದ್ದರೆ ಇಡೀ ಹಾಲು ಒಡೆದಂತೆ. ಎರಡು ಸಂಜೆ ಹಾಗೇ ಹಾಳಾದವು. ದೀಪಾವಳಿ ಹತ್ತಿರ ಬಂತು. ಪಟಾಕಿ ಶುರುವಾದರೆ ಹೊಗೆಯಲ್ಲಿ ಕೆರೆಯೂ ಕಾಣುವುದಿಲ್ಲ.

ಆಗ ನಾನು ಲಾಂಗ್ ಎಕ್ಸ್‌ಪೋಶರನ್ನೇ ಬಿಡುವುದೆಂದು ತೀರ್ಮಾನಿಸಿದೆ. ಸುಲಭವಾಗಿರಲಿಲ್ಲ. ರಾತ್ರಿಯ ಚಿತ್ರವೆಂದರೆ ಉದ್ದನೆಯ ಎಕ್ಸ್‌ಪೋಶರ್, ಕಡಿಮೆ ಐಎಸ್ಒ, ಇದು ನಮಗೆ ವೇದವಾಕ್ಯ. ಅದನ್ನು ಬಿಟ್ಟು ಐಎಸ್ಒ ಏರಿಸಿ, ಒಂದೊಂದೇ ಸೆಕೆಂಡಿನ ಚಿತ್ರಗಳನ್ನು ರಾಶಿಯಾಗಿ ತೆಗೆಯುವುದು. ಪೆಟ್ಟು ಬಿದ್ದವನ್ನು ಎಸೆದು, ಉಳಿದವನ್ನು ಒಂದರ ಮೇಲೊಂದಿಟ್ಟು ಸರಾಸರಿ ಮಾಡುವುದು. ಒಂದೊಂದರಲ್ಲೂ ನಾಯ್ಸ್ ಹೆಚ್ಚೇ ಇರುತ್ತದೆ, ನಿಜ. ಆದರೆ ಹತ್ತು ಜನ ಬಂದು ಒಂದೇ ಸಂಗತಿ ಹೇಳಿದಾಗ ಸುಳ್ಳು ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ, ನಿಜ ಮಾತ್ರ ಎಲ್ಲರದೂ ಒಂದೇ. ಸರಾಸರಿ ತೆಗೆದಾಗ ಸುಳ್ಳುಗಳು ಒಂದನ್ನೊಂದು ತಿಂದುಕೊಂಡು ನಿಜ ಉಳಿಯುತ್ತದೆ. ನಾಯ್ಸ್ ಕೂಡ ಹಾಗೆಯೇ.

ಆ ಸಂಜೆ ಮಳೆ ಬಂದು ನಿಂತಿತ್ತು. ಗಾಳಿಯ ಧೂಳೆಲ್ಲ ತೊಳೆದುಹೋಗಿ, ದೀಪಗಳು ಕೆರೆಯಲ್ಲಿ ಉದ್ದಕ್ಕೆ ಇಳಿದಿದ್ದವು. ಸೈರನ್ ಕೂಗಿದ್ದೇ ಎಡಗಡೆಯ ಭಾಗದಿಂದ ಶುರುಮಾಡಿದೆ. ಕ್ಯಾಮೆರಾ ತಾನೇ ಒಂದರ ಹಿಂದೊಂದು ತೆಗೆಯುತ್ತಿತ್ತು. ನಾನು ಉಸಿರನ್ನೂ ಎಣಿಸಿ ಬಿಡುತ್ತಿದ್ದೆ. ಮೂರು ಭಾಗ ಮುಗಿಸಿ ನಾಲ್ಕನೆಯದಕ್ಕೆ, ಕಾರ್ಖಾನೆಯ ಅಂಗಳಕ್ಕೆ, ಲೆನ್ಸ್ ತಿರುಗಿಸಿದೆ. ಪರದೆಯಲ್ಲಿ ಕಟ್ಟೆಯ ಮೇಲೆ ಸಾಲಾಗಿ ಕೂತವರು ಕಂಡರು. ಆಗಲೇ ನನಗೆ ಹೊಳೆದಿದ್ದು, ಸರಾಸರಿ ಮಾಡಿದರೆ ಇವರು ಹೊಗೆಯಾಗಿಬಿಡುತ್ತಾರೆ. ಅಲ್ಲಾಡುವುದನ್ನೆಲ್ಲ ಆ ಲೆಕ್ಕ ಸುಳ್ಳು ಎಂದು ಅಳಿಸಿಹಾಕುತ್ತದೆ.

ಅಂಗಳದ ಕಟ್ಟಡಕ್ಕೆಂದು ಮೊದಲು ಒಂದು ರಾಶಿ ತೆಗೆದುಕೊಂಡೆ. ಆಮೇಲೆ ಐಎಸ್ಒವನ್ನು ನಾಚಿಕೆಯಾಗುವಷ್ಟು ಏರಿಸಿ, ಶಟರನ್ನು ಕಾಲು ಸೆಕೆಂಡಿಗೆ ಇಳಿಸಿ, ಆ ಜನರಿಗಾಗಿಯೇ ಬಿಡಿಬಿಡಿಯಾಗಿ ತೆಗೆದೆ. ತುತ್ತು ಬಾಯಿಗೆ ಹೋಗಿ ಕೈ ನಿಲ್ಲುವ ಗಳಿಗೆ ಕಾದು ಒತ್ತಿದೆ. ಮತ್ತೆ ಸೈರನ್ ಕೂಗಿತು. ಸ್ವಲ್ಪ ಹೊತ್ತಿಗೆ ಮೊದಲ ಹ್ಯಾಮರ್ ಪೆಟ್ಟು ಬಿತ್ತು. ಜೀವಮಾನದಲ್ಲಿ ಮೊದಲ ಸಲ ಅದು ನನ್ನ ಅಂಗಾಲಿಗೆ ತಾಗಿತು.

ಆಮೇಲಿನದು ಕೂತು ಮಾಡುವ ಕೆಲಸ. ಒಂದೊಂದು ಚಿತ್ರವನ್ನೂ ಹಿಗ್ಗಿಸಿ, ದೀಪ ಒಂದೇ ಬೊಟ್ಟಾಗಿರುವುದನ್ನು ಇಟ್ಟುಕೊಂಡು, ಎರಡಾಗಿರುವುದನ್ನು ಎಸೆದೆ. ಉಳಿದವನ್ನು ಕೂದಲೆಳೆಯಷ್ಟೂ ಸರಿಯದಂತೆ ಜೋಡಿಸಿ ಸರಾಸರಿ ತೆಗೆದೆ. ಕಪ್ಪು ಗೋಡೆಗಳು ಕಾಡಿಗೆಯಂತೆ ನುಣ್ಣಗೆ ಬಂದವು. ಶಾರ್ಪ್ ಮಾಡುವಾಗ ಕಟ್ಟಡದ ಅಂಚುಗಳಿಗೆ ಮಾತ್ರ ಕೈ ಹಾಕಿ, ಆಕಾಶವನ್ನು ಅದರ ಪಾಡಿಗೆ ಬಿಟ್ಟೆ. ಕಟ್ಟೆಯ ಮೇಲಿನವರನ್ನು ಕಾಲು ಸೆಕೆಂಡಿನವುಗಳಲ್ಲಿ ಚೆನ್ನಾಗಿ ಬಂದ ಒಂದೇ ಒಂದು ಚಿತ್ರದಿಂದ ತಂದು ಕೂರಿಸಿದೆ. ಇಡೀ ಗೋಡೆಯಲ್ಲಿ ಆ ಮೊಳದಷ್ಟು ಜಾಗದಲ್ಲಿ ಮಾತ್ರ ನಾಯ್ಸ್ ಉಳಿಯಿತು. ಒರೆಸಲು ನೋಡಿದೆ, ಒರೆಸಿದರೆ ಮುಖಗಳೂ ಮೇಣದಂತೆ ಕರಗುತ್ತಿದ್ದವು. ಹಾಗೇ ಬಿಟ್ಟೆ.

ಟೆಸ್ಟ್ ಪ್ರಿಂಟನ್ನು ಮ್ಯಾನೇಜರ್ ಕೋಣೆಯ ಮೇಜಿನ ಮೇಲೆ ಹರಡಿದಾಗ ಡಿಸೈನರ್ ಹುಡುಗಿ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಇದು ನಿಜವಾಗಲೂ ಪೀಣ್ಯವೇ ಎಂದಳು. ಅದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬೇಕಿರಲಿಲ್ಲ. ಆಮೇಲೆ ಅಂಗಳದ ಮೇಲೆ ಬೆರಳಿಟ್ಟು, ಊಟ ಮಾಡುವವರನ್ನು ಅಳಿಸಿಬಿಟ್ಟರೆ ಇನ್ನೂ ಕ್ಲೀನ್ ಆಗುತ್ತದೆ, ಅಲ್ಲಿ ಚುಕ್ಕೆಚುಕ್ಕೆ ಗ್ರೇನ್ ಬೇರೆ ಇದೆ ಎಂದಳು. ಅವಳ ಲೆಕ್ಕದಲ್ಲಿ ಅದು ತಪ್ಪಲ್ಲ. ನನಗೆ ಮಾತ್ರ ತಡೆಯಲಾಗಲಿಲ್ಲ.

“ಇವ್ರು ಊಟಕ್ಕೆ ಕೂತಿದ್ರಿಂದ್ಲೇ ಈ ಚಿತ್ರ ಬಂದಿರೋದು. ಇವ್ರನ್ನ ತೆಗೆಯೋದಾದ್ರೆ ಸೇತುವೆನೇ ಹಾಕ್ಕೊಳ್ಳಿ ಸಾರ್.”

ಹೇಳಿದ ಮೇಲೆ ಕೈಗೆ ಬಂದ ತುತ್ತನ್ನು ನಾನೇ ತಟ್ಟಿಬಿಟ್ಟೆನಾ ಅನ್ನಿಸಿತು. ಮ್ಯಾನೇಜರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಕಟ್ಟೆಯ ಮೇಲಿನವರನ್ನು ಒಬ್ಬೊಬ್ಬರಾಗಿ ನೋಡಿದರು. ಇರಲಿ ಬಿಡಿ ಎಂದರು.

ಹೊಸ ಆಫೀಸಿನ ಪೂಜೆಯ ದಿನ ಕಾರ್ಖಾನೆಯವರಿಗೂ ಬಸ್ಸು ಮಾಡಿದ್ದರು. ಗೋಡೆ ಪೂರ್ತಿ ನಮ್ಮ ಪೀಣ್ಯ ಹಬ್ಬಿಕೊಂಡಿತ್ತು. ನಾನು ರೇಷ್ಮೆ ಸೀರೆ ಉಟ್ಟು, ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅಮ್ಮ ನಮ್ಮ ಮನೆಯ ಅಡುಗೆಮನೆ ಕಿಟಕಿಯನ್ನು ಹುಡುಕಿ, ಲೈಟು ಆರಿಸದೆ ಹೋಗಿದ್ದಕ್ಕೆ ನನ್ನನ್ನು ಬೈದಳು. ಜನ ಗೋಡೆಗೆ ಅಂಟಿಕೊಂಡೇ ನಿಂತಿದ್ದರು. ತಮ್ಮ ತಮ್ಮ ಕೋಣೆ, ತಮ್ಮ ಬೀದಿ ಹುಡುಕುತ್ತಿದ್ದರು. ನನ್ನ ಎದೆ ಉಬ್ಬಿ ರವಿಕೆ ಬಿಗಿಯಾಗಿತ್ತು ಎಂದರೆ ಸುಳ್ಳಲ್ಲ.

ಹ್ಯಾಮರ್ ನಡೆಸುವವರು ಬಲಗಡೆಯ ಮೂಲೆಯಲ್ಲಿ ನಿಂತಿದ್ದರು. ಹೆಬ್ಬೆರಳಿನಷ್ಟು ಎತ್ತರದ ಒಂದು ಆಳು, ಪಕ್ಕದಲ್ಲಿ ಬಟ್ಟಲಿನ ಹಾಗೆ ಇಟ್ಟ ಹಳದಿ ಹೆಲ್ಮೆಟ್ಟು. ಅವರು ಫೋನು ತೆಗೆದು ಊರಿಗೆ ವಿಡಿಯೋ ಕಾಲ್ ಮಾಡಿ, ಫೋನನ್ನು ಗೋಡೆಯ ಕಡೆ ತಿರುಗಿಸಿದರು.

“ದಿನಾ ಕೇಳ್ತಿ ಅಲ್ಲಾ, ಉಂಡೀರೇನು ಅಂತ. ನೋಡಿಲ್ಲೆ. ಉಣ್ಣಾಕತ್ತೀನಿ.”

ಅತ್ತ ಕಡೆಯಿಂದ ಹೆಂಡತಿಯ ದನಿ ಕೇಳಿತು. “ಪಲ್ಯಾ ಏನೈತಿ?”

ಅವರು ಫೋನನ್ನು ಇನ್ನೂ ಹತ್ತಿರ ಹಿಡಿದು, ತಾವೂ ಬಗ್ಗಿ, ತಮ್ಮದೇ ಡಬ್ಬಿಯೊಳಗೆ ಇಣುಕಿದರು. ಆ ಡಬ್ಬಿಯಲ್ಲಿ ಏನಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಒರೆಸದೆ ಬಿಟ್ಟ ನಾಲ್ಕಾರು ಕಪ್ಪು ಚುಕ್ಕೆ, ಬರೀ ನಾಯ್ಸ್.

“ಬದ್ನಿಕಾಯಿ ಎಣ್ಣಿಗಾಯಿ,” ಎಂದರು ಅವರು. “ಕಾಣ್ತೈತಿಲ್ಲ?”

“ಹೂಂ, ಕಾಣ್ತೈತಿ,” ಎಂದಿತು ಆ ದನಿ.